ಹೋದ ವರ್ಷದ ಖಂಡನೆ

ಶಿಗ್ಗಾಂವದ ತಾಲ್ಲೂಕು ಕಚೇರಿಯ ಎದುರಿಗೆ, ಒಂದು ಜೆರಾಕ್ಸ್ ಅಂಗಡಿಗೂ ಒಂದು ಚಹಾದಂಗಡಿಗೂ ನಡುವೆ ಇರುಕಿಕೊಂಡ ಗೂಡಂಗಡಿಯಲ್ಲಿ ಕೂತು ಉಸ್ಮಾನಸಾಬ ಮೂವತ್ತೆಂಟು ವರ್ಷ ಜನರ ಕಷ್ಟಗಳನ್ನೆಲ್ಲ ‘ಮಾನ್ಯರೇ’ ಎಂದು ಶುರುಮಾಡಿ ‘ತಮ್ಮ ವಿಶ್ವಾಸಿ’ ಎಂದು ಮುಗಿಸಿದ್ದ. ಮೊದಲು ಕೈಬರಹ, ಆಮೇಲೆ ಟೈಪ್‌ರೈಟರು, ಈಗ ಮಗಳು ತಂದುಕೊಟ್ಟ ಲ್ಯಾಪ್‌ಟಾಪು. ಪಹಣಿಯಲ್ಲಿ ಹೆಸರು ತಪ್ಪಿದವರು, ವಿಧವಾ ವೇತನ ನಿಂತವರು, ಮನೆ ಬಿದ್ದವರು, ಹಾಸ್ಟೆಲ್ ಬೇಕಾದವರು, ಎಲ್ಲರಿಗೂ ಒಂದೊಂದು ನಮೂನೆ ಇತ್ತು. ನಮೂನೆ ತೆರೆಯುವುದು, ಹೆಸರು, ಊರು, ತಾರೀಖು ಬದಲಿಸುವುದು, ಪ್ರಿಂಟು ತೆಗೆಯುವುದು. ಅಳುತ್ತ ಬಂದವರು ಅಳು ಮುಗಿಸುವುದರೊಳಗೆ ಅರ್ಜಿ ತಯಾರಿರುತ್ತಿತ್ತು.

ಅದೇ ಲ್ಯಾಪ್‌ಟಾಪಿನಲ್ಲಿ ‘ಖಂಡನೆ’ ಎಂಬ ನಮೂನೆಯೂ ಒಂದಿತ್ತು.

ದೇಶದ ಯಾವ ಮೂಲೆಯಲ್ಲಾದರೂ ಬಾಂಬು ಸಿಡಿಯಲಿ, ಎರಡು ದಿನದೊಳಗೆ ಠಾಣೆಯಿಂದ ಮಸೀದಿ ಕಮಿಟಿಯ ಅಧ್ಯಕ್ಷರಿಗೆ ಫೋನು ಬರುತ್ತಿತ್ತು. ಅಧ್ಯಕ್ಷರು ಕಮಿಟಿಯ ಕಾರ್ಯದರ್ಶಿಯಾದ ಉಸ್ಮಾನಸಾಬನಿಗೆ ಫೋನು ಹಚ್ಚುತ್ತಿದ್ದರು. ಹತ್ತು ಹನ್ನೊಂದು ಜನ ಟೋಪಿ ಸರಿಮಾಡಿಕೊಂಡು ತಹಶೀಲ್ದಾರರ ಮೇಜಿನ ಮುಂದೆ ಸಾಲಾಗಿ ನಿಂತು ಕಾಗದ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಖಂಡಿಸದೆ ಇದ್ದರೆ ಯಾಕೆ ಸುಮ್ಮನಿದ್ದೀರಿ ಎಂದು ಕೇಳುವ ಬಾಯಿಗಳೇ, ಖಂಡಿಸಿದರೆ ನಾಟಕ ಎನ್ನುತ್ತಿದ್ದವು. ಬೇರೆ ಯಾವ ಜಾತಿಯವನೋ ಯಾರನ್ನೋ ಕಡಿದು ಹಾಕಿದಾಗ ಆ ಜಾತಿಯ ಹಿರಿಯರಿಗೆ ಠಾಣೆಯಿಂದ ಫೋನು ಹೋದದ್ದನ್ನು ಉಸ್ಮಾನಸಾಬ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಕಂಡಿರಲಿಲ್ಲವೆಂದು ಹೇಳಿಯೂ ಇರಲಿಲ್ಲ. ಬರೆದು ಕೊಟ್ಟು ಬರುತ್ತಿದ್ದ.

ಈ ಸಲ ಸಿಡಿದದ್ದು ದೂರದ ಒಂದು ದೊಡ್ಡ ಊರಿನ ರೈಲು ನಿಲ್ದಾಣದಲ್ಲಿ, ಬೆಂಚಿನ ಕೆಳಗೆ ಇಟ್ಟ ಚೀಲದಲ್ಲಿ. ಒಂಬತ್ತು ಜನ ಸತ್ತರು. ತಹಶೀಲ್ದಾರರಿಗೆ ಹನ್ನೊಂದು ಗಂಟೆಗೆ ಮೀಟಿಂಗು, ಅದಕ್ಕೂ ಮೊದಲೇ ಬರಬೇಕು ಎಂದು ಫೋನು ಬಂದಾಗ ಉಸ್ಮಾನಸಾಬನ ಮುಂದೆ ವೇತನ ನಿಂತ ಮೂವರು ಮುದುಕಿಯರು ಕೂತಿದ್ದರು. ಅವಸರದಲ್ಲಿ ನಮೂನೆ ತೆರೆದ, ತಾರೀಖು ಬದಲಿಸಿದ, ಹೊಸ ತಹಶೀಲ್ದಾರರ ಹೆಸರು ಹಾಕಿದ, ಪ್ರಿಂಟು ತೆಗೆದ. ಊರಿನ ಹೆಸರು, ಸತ್ತವರ ಸಂಖ್ಯೆ ಹಾಗೇ ಉಳಿದವು. ಹೋದ ವರ್ಷ ಮತ್ತೊಂದು ಊರಿನ ಸಂತೆಯಲ್ಲಿ ಹದಿನೇಳು ಜನ ಸತ್ತಿದ್ದರು. ಆ ಊರು, ಆ ಹದಿನೇಳು.

ಸಹಿ ಮಾಡಿದ ಹನ್ನೊಂದು ಜನರಲ್ಲಿ ಒಬ್ಬರೂ ಕಾಗದ ಓದಲಿಲ್ಲ. ತಹಶೀಲ್ದಾರರೂ ಓದಲಿಲ್ಲ. ಓದಿದವನು ಲೋಹಿತ ಒಬ್ಬನೇ. ಬಸ್‌ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡು, ಒಂದು ಸಂಘಟನೆಯ ತಾಲ್ಲೂಕು ಮುಖಂಡನೂ ಆಗಿದ್ದ ಅವನಿಗೆ ಫೋಟೊ ದೊಡ್ಡದು ಮಾಡಿ ನೋಡುವುದು ಕಸುಬು. ಮಧ್ಯಾಹ್ನದ ಹೊತ್ತಿಗೆ ತಾಲ್ಲೂಕಿನ ಎಲ್ಲ ಫೋನುಗಳಲ್ಲೂ ಆ ಕಾಗದ ಓಡಾಡಿತು. ತಪ್ಪು ಊರಿನ ಸುತ್ತ ಕೆಂಪು ಗೆರೆ, ಕೆಳಗೆ ‘ಇವರ ಕಣ್ಣೀರೂ ಜೆರಾಕ್ಸ್’ ಎಂಬ ಮಾತು.

ಇಷ್ಟೇ ಆಗಿದ್ದರೆ ಉಸ್ಮಾನಸಾಬ ನುಂಗಿಕೊಳ್ಳುತ್ತಿದ್ದ, ನುಂಗಿ ರೂಢಿಯಿತ್ತು. ಸಂಜೆ ನಾಲ್ಕಕ್ಕೆ ಸತ್ತವರ ಹೆಸರುಗಳು ಬಂದವು. ಏಳನೆಯ ಹೆಸರು ತಡಸದ ಗುದ್ಲೆಪ್ಪನ ಮಗಳು ವಿದ್ಯಾಶ್ರೀಯದು. ಆ ದೊಡ್ಡ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಆರು ವರ್ಷದ ಹಿಂದೆ ಇದೇ ಗೂಡಂಗಡಿಯ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತು, ಹಾಸ್ಟೆಲ್ಲಿನ ಅರ್ಜಿಯಲ್ಲಿ ‘ಬಡ ಕುಟುಂಬದವಳಾಗಿದ್ದು’ ಎಂದು ಬರೆದದ್ದಕ್ಕೆ, ಬಡವರು ಅಂತ ಹಾಕಬ್ಯಾಡ್ರಿ ಕಾಕಾ, ರೈತರು ಅಂತ ಹಾಕ್ರಿ ಎಂದು ಹಟಹಿಡಿದು ಬದಲಿಸಿದ್ದಳು. ಒಂದೊಂದು ಅಕ್ಷರ ಓದಿ ಸಹಿ ಮಾಡಿದ್ದಳು.

ಮೂರನೆಯ ದಿನ ಹೆಣ ಬಂತು. ಕಮಿಟಿಯವರು ಹೋಗುವುದು ಬೇಡ, ಬಡಿದಾರು ಎಂದರು. ಉಸ್ಮಾನಸಾಬ ಒಬ್ಬನೇ ಬಸ್ಸು ಹತ್ತಿ ತಡಸಕ್ಕೆ ಮಣ್ಣಿಗೆ ಹೋದ.

ಓಣಿಗೆ ಕಾಲಿಡುತ್ತಲೇ ಜನ ಸರಿದು ದಾರಿ ಬಿಟ್ಟರು. ಗೌರವದ ದಾರಿಯಲ್ಲ ಅದು. ಮೈಗೆ ತಾಗಬಾರದೆಂಬ ದಾರಿ. ಗೋಡೆಗೊರಗಿ ನಿಂತಿದ್ದ ಲೋಹಿತ, ಯಾವ ಊರಿನ ಸಾವಿಗೆ ಬಂದೀರಿ ಸಾಬ್ರ, ಅಡ್ರೆಸ್ ಸರಿ ನೋಡ್ಕೊಂಡೀರಿಲ್ಲೋ ಎಂದ. ನಾಲ್ಕಾರು ಜನ ಮೂಗಿನಲ್ಲಿ ನಕ್ಕರು. ಸತ್ತವರ ಮನೆಯ ಮುಂದೆ ನಗಬಹುದು ಎಂಬುದೂ ಆ ದಿನವೇ ಗೊತ್ತಾದದ್ದು.

ಗುದ್ಲೆಪ್ಪ ಕಟ್ಟೆಯ ಮೇಲೆ ಕೂತಿದ್ದ. ಉಸ್ಮಾನಸಾಬನನ್ನು ನೋಡಿ ಎದ್ದೇಳಲಿಲ್ಲ, ಕೂಡು ಎನ್ನಲಿಲ್ಲ. ಉಸ್ಮಾನಸಾಬ ಕೈಜೋಡಿಸಿ, ತಪ್ಪು ತನ್ನದು, ಅವಸರದಲ್ಲಾಯಿತು ಎಂದು ಏನೇನೋ ತೊದಲಿದ. ಗುದ್ಲೆಪ್ಪ ಪೂರ್ತಿ ಕೇಳಿದ.

“ಸಾಬ್ರ, ಬಾಂಬ್ ಇಡಾವ ನಾನಲ್ಲ. ತಹಶೀಲ್ದಾರನೂ ಅಲ್ಲ. ಮತ್ತ ನಮಗ್ಯಾಕ ಕಾಗದ ಬರದು ಕೊಡ್ತೀರಿ? ನಿಮ್ಮ ಹುಡುಗರಿಗೆ ಹೇಳೀರೇನು, ಒಮ್ಮಿಯಾದ್ರೂ?”

ಬಸ್ಸಿನಲ್ಲಿ ಮರಳುವಾಗ ಉಸ್ಮಾನಸಾಬ ಮನಸ್ಸಿನಲ್ಲೇ ಗುದ್ಲೆಪ್ಪನ ಜೋಡಿ ವಾದ ಹೂಡಿದ. ನಮ್ಮ ಹುಡುಗರೆಂದರೆ ಯಾರು? ಚೀಲ ಇಟ್ಟವನ ಮುಖ ನಾನು ಕಂಡಿದ್ದೆನೇ, ಅವನ ಭಾಷೆ ನನಗೆ ಗೊತ್ತೇ? ಸಾವಿರ ಮೈಲಿ ಆಚೆಯ ಪಾಪಿಷ್ಠನನ್ನು ತಂದು ನನ್ನ ಓಣಿಯ ಮಕ್ಕಳ ಪಕ್ಕ ಕೂಡ್ರಿಸಲು ಇವರ್ಯಾರು? ಹೀಗೆ ಹೇಳಬೇಕಿತ್ತು, ಹಾಗೆ ಹೇಳಬೇಕಿತ್ತು ಎಂದು ದಾರಿಯುದ್ದಕ್ಕೂ ಉತ್ತರ ಕಟ್ಟಿದ. ಸಂಜೆಗೆ ಮುಂಚಿನ ನಮಾಜಿನ ಹೊತ್ತಿಗೆ ಶಿಗ್ಗಾಂವ ಬಂತು. ಮಸೀದಿಗೆ ಹೋಗಿ, ಕೈಕಾಲು ತೊಳೆಯುವ ನಳಗಳ ಸಾಲಿನಲ್ಲಿ ಕೂತ.

ನಳ ಕೂಡಿಸಿದ ಗಿಡ್ಡ ಗೋಡೆಯ ಆ ಬದಿಯಲ್ಲಿ ಅಫ್ಜಲನಿದ್ದ. ಉಸ್ಮಾನಸಾಬನ ಸತ್ತ ತಂಗಿಯ ಮಗ. ನಾಲ್ಕು ವರ್ಷದವನಿದ್ದಾಗಿನಿಂದ ಇವನ ಮನೆಯಲ್ಲೇ ಬೆಳೆದು, ಈಗ ಇಪ್ಪತ್ತೆರಡರ ಪ್ರಾಯದಲ್ಲಿ ಹೆದ್ದಾರಿಯ ಗ್ಯಾರೇಜಿನಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ. ಜೊತೆಯವನ ಫೋನಿನಲ್ಲಿ ನಿಲ್ದಾಣದ ಸುದ್ದಿ ಓಡುತ್ತಿತ್ತು. ಅಫ್ಜಲ ಬಾಯಲ್ಲಿ ನೀರು ಹಾಕಿಕೊಂಡು ಮುಕ್ಕಳಿಸಿ ಉಗುಳಿದ.

“ಒಳ್ಳೇದಾತ ಬಿಡು,” ಅಂದ. “ಅವ್ರಿಗೂ ಒಂದೀಟ ಉರೀಲಿ.”

ಅಂದವನು ಒದ್ದೆ ಕೈಯಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ ಸಾಲಿನಲ್ಲಿ ನಿಂತ. ಉಸ್ಮಾನಸಾಬ ನಳ ಬಿಟ್ಟುಕೊಂಡೇ ಕೂತಿದ್ದ. ತೋಳು ತೊಯ್ದು ನೀರು ಅಂಗಿಯೊಳಗೆ ಇಳಿಯಿತು. ಬಸ್ಸಿನಲ್ಲಿ ಕಟ್ಟಿದ ಉತ್ತರಗಳಲ್ಲಿ ಒಂದೂ ನಿಲ್ಲಲಿಲ್ಲ. ಹುಡುಗ ತನ್ನವನು. ತನ್ನ ತಟ್ಟೆಯಲ್ಲಿ ಉಂಡವನು. ಅವನನ್ನು ಯಾರೋ ಒಯ್ಯುತ್ತಿದ್ದಾರೆ.

ಮನೆಯಲ್ಲಿ ಕೇಳಿದಾಗ ಅಫ್ಜಲ ಮುಚ್ಚಿಡಲಿಲ್ಲ. ಹೋದ ವರ್ಷದ ಸಂತೆಯ ಸ್ಫೋಟವಾದಾಗ, ಆರೋಪಿಯೊಬ್ಬನ ಹೆಸರಿಗೆ ಬರೀ ಹೆಸರು ಹೊಂದಿತೆಂದು ತನ್ನನ್ನು ಬೆಳಗಿನಿಂದ ಸಂಜೆಯವರೆಗೆ ಠಾಣೆಯಲ್ಲಿ ಕೂಡ್ರಿಸಿದ್ದು, ಮರುದಿನ ಗ್ಯಾರೇಜಿನ ಮುಂದೆ ಲೋಹಿತನ ಕಡೆಯವರು ‘ಬಾಂಬ್ ರಿಪೇರಿ ಮಾಡ್ತೀರೇನು’ ಎಂದು ಕೂಗಿ ಹೋದದ್ದು, ಎಲ್ಲವನ್ನೂ ಒಂದೊಂದಾಗಿ ಎದುರಿಗೆ ಇಟ್ಟ. ಒಂದೂ ಸುಳ್ಳಾಗಿರಲಿಲ್ಲ.

“ಅವತ್ತ ನೀವೇನ ಮಾಡಿದ್ರಿ ಮಾಮು? ಅರ್ಜಿ ಬರದ್ರಿ. ಅದಕ್ಕೂ ನಿಮ್ಮ ಕಡೆ ನಮೂನಿ ಇತ್ತು.” ಫೋನು ಎತ್ತಿ ತೋರಿಸಿದ. “ಇದ್ರಾಗ ಒಬ್ಬಾವ ಮಾತಾಡ್ತಾನ. ಅಂವ ಉತ್ತರ ಕೊಡ್ತಾನ.”

ಹಾಸಿಗೆ ಸುತ್ತಿಕೊಂಡು ಗ್ಯಾರೇಜಿನಲ್ಲೇ ಮಲಗುತ್ತೇನೆಂದು ಹೊರಟುಹೋದ.

ಉಸ್ಮಾನಸಾಬನ ಮಗಳು ಮದಿಹಾ ಹಿರೇಕೆರೂರಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಳು, ರಜೆಗೆ ಬಂದಿದ್ದಳು. ಅಪ್ಪ ಫೋನಿನವನನ್ನು ಬೈಯುವುದನ್ನು ಕೇಳುತ್ತ ಕೂತಿದ್ದವಳು ಕೊನೆಗೆ ಬಾಯಿಬಿಟ್ಟಳು. ಅಫ್ಜಲನಿಗೆ ನಾವು ಅರಬಿ ಅಕ್ಷರ ಓದಿಸಿದೆವು, ಅರ್ಥ ಹೇಳಲಿಲ್ಲ. ಹೊಡೆದು ಬಾಯಿಪಾಠ ಮಾಡಿಸಿದೆವು. ಒಂಬತ್ತು ವರ್ಷದವನಿದ್ದಾಗ, ಅಮ್ಮೀ ಸತ್ತದ್ದು ಅಲ್ಲಾಹನ ಇಚ್ಛೆಯಾದರೆ ಆವತ್ತು ಡಾಕ್ಟರು ಬಾರದೆ ಇದ್ದದ್ದೂ ಇಚ್ಛೆಯೇನು ಎಂದು ಕೇಳಿದ್ದ. ಹಾಗೆಲ್ಲ ಕೇಳಬಾರದು ಎಂದು ಕಪಾಳಕ್ಕೆ ಕೊಟ್ಟವರು ಯಾರು, ನೆನಪಿದೆಯೇ?

ನೆನಪಿತ್ತು. ಕೊಟ್ಟ ಕೈ ಅಲ್ಲೇ ಮೊಣಕಾಲ ಮೇಲಿತ್ತು.

“ಆ ಫೋನಿನವಾ ಏನ ಬೇಕಾದ್ರೂ ಕೇಳು ಅಂತಾನ ಅಬ್ಬಾ,” ಅಂದಳು ಮದಿಹಾ. “ನಾವು ಕೇಳಬ್ಯಾಡ ಅಂದ್ವಿ. ಇಷ್ಟ ಫರಕು.”

ಶುಕ್ರವಾರ ಬೆಳಿಗ್ಗೆ ಕಮಿಟಿ ಕೂಡಿತು. ತಿದ್ದಿದ ಖಂಡನೆ, ಜೊತೆಗೊಂದು ಕ್ಷಮಾಪಣೆ, ಈ ಸಲ ಇಪ್ಪತ್ತೊಂದು ಜನ ಹೋಗಿ ಕೊಡುವುದೆಂದು ಠರಾಯಿಸಿತು. ಉಸ್ಮಾನಸಾಬ ಬರೆಯುವುದಿಲ್ಲ ಎಂದ. ಅಧ್ಯಕ್ಷರಿಗೆ ಮೊದಲು ಕೇಳಿಸಲೇ ಇಲ್ಲ. ಇಪ್ಪತ್ತು ವರ್ಷದಲ್ಲಿ ಈ ಮನುಷ್ಯನ ಬಾಯಿಂದ ಆ ಮಾತು ಬಂದಿರಲಿಲ್ಲ. ಕೇಳಿಸಿದ ಮೇಲೆ ಬೈದರು. ಊರಿಗೆ ಬೆಂಕಿ ಹಚ್ಚುವವನು ನೀನೇ ಎಂದರು.

ಮಧ್ಯಾಹ್ನ ಜುಮ್ಮಾ ನಮಾಜು ಮುಗಿದು, ದುವಾಗೆ ಎತ್ತಿದ ಕೈಗಳು ಇಳಿಯುತ್ತಿದ್ದಂತೆ, ಮೂರನೆಯ ಸಾಲಿನಿಂದ ಉಸ್ಮಾನಸಾಬ ಎದ್ದು ನಿಂತ. ಪ್ರವಚನದ ಬಯಾನು ಉರ್ದುವಿನಲ್ಲಿ ಆಗುವ ಆ ಮಸೀದಿಯಲ್ಲಿ ಕನ್ನಡದಲ್ಲಿ ಮಾತು ತೆಗೆದ. ಒಂಬತ್ತು ಹೆಸರು ಓದಿದ, ಒಂದೊಂದಕ್ಕೂ ತಡೆದು. ಏಳನೆಯದಕ್ಕೆ ಬಂದಾಗ, ಈ ಹುಡುಗಿಯ ಅರ್ಜಿ ನಾನು ಬರೆದಿದ್ದೆ, ಅವಳ ಸಾವನ್ನು ನೋಡದೆ ಬರೆದೆ ಎಂದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಈ ಸಾವಿಗೆ ಒಳ್ಳೇದಾತು ಅಂದ ಬಾಯಿ ಇಲ್ಲೇ ಐತಿ,” ಅಂದ ಉಸ್ಮಾನಸಾಬ. “ನನ್ನ ಮನ್ಯಾಗಿನ ಬಾಯಿ. ನಳದ ಮುಂದ ಕುಂತು ಅಂದು, ಮುಕ್ಕಳಿಸಿ ಒಳಗ ಬಂದು ನಮಾಜಿಗೆ ನಿಂತೈತಿ. ಇಂಥದ್ದು ನೀರಿಲೆ ಹೋಗತೈತೇನು? ಚೀಲ ಇಟ್ಟಾವ ನಮ್ಮವ ಅಲ್ಲ ಅಂತ ಹೊರಗಿನವರಿಗೆ ಇಪ್ಪತ್ತು ವರ್ಷ ಬರದು ಕೊಟ್ಟೀನಿ. ಯಾಕ ನಮ್ಮವ ಅಲ್ಲ ಅಂತ ನಮ್ಮ ಮಕ್ಕಳಿಗೆ ಒಂದು ದಿನ ಕುಂದ್ರಿಸಿ ಹೇಳಿಲ್ಲ.”

ಅರ್ಧದಷ್ಟು ಜನ ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಹಿಂದಿನ ಸಾಲಿನಿಂದ ಅಫ್ಜಲ ಎದ್ದ. ಮುಖ ಕಪ್ಪಿಟ್ಟಿತ್ತು.

“ಮಾಮು, ಗುಂಪು ಕಟ್ಟಿಗೊಂಡು ಬಡದು ಕೊಂದಾರಲ್ಲ ನಮ್ಮವರನ್ನ, ಅವರ ಹೆಸರು ಆ ಕಡೆ ಯಾರರ ಹಿಂಗ ನಿಂತು ಓದ್ಯಾರೇನು?”

“ಓದಿಲ್ಲ. ಅವರು ಮಾಡಿದ್ದನ್ನ, ಬಿಟ್ಟಿದ್ದನ್ನ ನೋಡಿ ಹಿಂದ ನಿಂತು ಹಂಗ ಮಾಡಾಕ ಅವರು ನಮ್ಮ ಇಮಾಮರೇನು?”

ಅಫ್ಜಲ ಹೊರಟುಹೋದ. ಉಸ್ಮಾನಸಾಬ ಉಳಿದವರಿಗೆ ಹೇಳಿದ: ನಾಳೆಯಿಂದ ದಿನಾ ಸಂಜೆ ಹೊರಗಿನ ಪಡಸಾಲೆಯಲ್ಲಿ ಕೂಡುವುದು, ದೇವರ ಮಾತಿನ ಅರ್ಥ ಕನ್ನಡದಲ್ಲಿ ಓದುವುದು, ಪೇಪರು ಓದುವುದು, ಕಾಯಿದೆ ಓದುವುದು, ಹೆಣ್ಣುಮಕ್ಕಳೂ ಬರಬಹುದು, ಯಾರು ಏನು ಬೇಕಾದರೂ ಕೇಳಬಹುದು, ಕೇಳಿದವರಿಗೆ ಹೊಡೆತವಿಲ್ಲ. ಅಧ್ಯಕ್ಷರು ಅಲ್ಲೇ, ಮಸೀದಿಯಲ್ಲಿ ಅದೆಲ್ಲ ನಡೆಯುವುದಿಲ್ಲ ಎಂದರು. ಸಂಜೆಗೆ ಅವನ ಕಾರ್ಯದರ್ಶಿಗಿರಿ ಹೋಗಿತ್ತು.

ಹೋದದ್ದು ಅದೊಂದೇ ಅಲ್ಲ. ಮಾತಾಡುವಾಗ ಯಾರೋ ವಿಡಿಯೊ ತೆಗೆದಿದ್ದರು. ಅದು ಲೋಹಿತನ ಕೈಗೆ ಹೋಯಿತು. ಕತ್ತರಿಸುವ ಕೈ ಅದು. ಒಂಬತ್ತು ಹೆಸರು ಕತ್ತರಿಸಿದ, ಇಪ್ಪತ್ತು ವರ್ಷ ಕತ್ತರಿಸಿದ; ‘ಒಳ್ಳೇದಾತು ಅಂದ ಬಾಯಿ ಇಲ್ಲೇ ಐತಿ, ನನ್ನ ಮನ್ಯಾಗಿನ ಬಾಯಿ’ ಎಂಬಷ್ಟನ್ನೇ ಇಟ್ಟು, ಮೇಲೆ ‘ಕೊನೆಗೂ ಒಪ್ಪಿಕೊಂಡರು’ ಎಂದು, ಕೆಳಗೆ ‘ಇವರ ಓಣಿ ಸುಡಬೇಕು’ ಎಂದು ಬರೆದು ಬಿಟ್ಟ. ಶನಿವಾರ ಬೆಳಿಗ್ಗೆ ಗ್ಯಾರೇಜಿಗೆ ಪೊಲೀಸರು ಬಂದರು.

ಉಸ್ಮಾನಸಾಬನಿಗೆ ಸುದ್ದಿ ಮುಟ್ಟಿದಾಗ ಕೈ ಅಭ್ಯಾಸಬಲದಿಂದ ಲ್ಯಾಪ್‌ಟಾಪಿಗೆ ಹೋಯಿತು. ‘ಅಮಾಯಕ’ ಎಂದು ಶುರುವಾಗುವ ನಮೂನೆಯೂ ಇತ್ತು. ಮುಚ್ಚಿಟ್ಟು ಠಾಣೆಗೆ ನಡೆದ. ಅಫ್ಜಲನನ್ನು ಕೂಡ್ರಿಸಿದ ಬೆಂಚಿನ ಮೇಲೆ, ಅವನ ಮಗ್ಗುಲಿಗೆ ಕೂತ. ಕಾನ್‌ಸ್ಟೇಬಲ್ಲು ನಿಮ್ಮನ್ನು ಕರೆದಿಲ್ಲ, ಹೋಗಿ ಎಂದ. ಗೊತ್ತೈತ್ರಿ ಎಂದು ಕೂತೇ ಇದ್ದ.

“ನೀವ ಒಪ್ಪಸಿ ಬಂದಿರಿ ನನ್ನ,” ಅಂದ ಅಫ್ಜಲ, ಗೋಡೆ ನೋಡುತ್ತ.

“ಹೌದು. ನಾನಾಡಿದ ಮಾತಿಗೆ ನಿನ್ನ ಹಿಡದಾರ. ಅದಕ್ಕ ಬಾಜೂಕ ಕುಂತೇನಿ.”

ಮದಿಹಾ ತಂದ ರೊಟ್ಟಿಯನ್ನು ಅಫ್ಜಲ ಮುಟ್ಟಲಿಲ್ಲ. ಮಧ್ಯಾಹ್ನದ ಮೇಲೆ ಇನ್‌ಸ್ಪೆಕ್ಟರು ಇಬ್ಬರನ್ನೂ ಒಳಗೆ ಕರೆದರು. ಫೋನು ಜಾಲಾಡಿ ಆಗಿತ್ತು. ಒಂದಿಷ್ಟು ಭಾಷಣ ಕೇಳಿದ್ದ, ಯಾರಿಗೂ ಒಂದಕ್ಷರ ಬರೆದಿರಲಿಲ್ಲ. ಆದರೂ ವಿಡಿಯೊದಲ್ಲಿ ಹೇಳಿದ ಬಾಯಿ ಯಾರದು, ಹೇಳಬೇಕು ಎಂದರು.

“ಇವಂದ್ರಿ,” ಅಂದ ಉಸ್ಮಾನಸಾಬ. ಅಫ್ಜಲ ತಿರುಗಿ ನೋಡಿದ. “ಕೆಟ್ಟ ಮಾತು ಅಂದಾನ. ಕೆಟ್ಟ ಕೆಲಸ ಮಾಡಿಲ್ಲ. ಕೆಲಸ ಮಾಡಿದ್ರ ನೀವು ಹಿಡೀರಿ, ನಾನ ಹಿಡದು ಕೊಡ್ತೇನಿ. ಮಾತಿಗೆ ಉತ್ತರ ಕೊಡೂದು ಮಾತ್ರ ನಿಮ್ಮ ಕೆಲಸ ಅಲ್ಲರಿ, ಮನ್ಯಾಗ ನಂದು. ಇಲ್ಲಾ, ಮಾತಿಗೇ ಕರಿಯೂದಾದ್ರ ಲೋಹಿತ ಬರದು ಹಚ್ಚಿದ್ದನ್ನೂ ಓದ್ರಿ. ನಮ್ಮ ಓಣಿ ಸುಡ್ರಿ ಅಂತ ಬರದಾನ. ಅವನನ್ನ ಈ ಬೆಂಚಿನ ಮ್ಯಾಲ ಯಾವಾಗ ಕುಂದ್ರಸ್ತೀರಿ?”

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಬುದ್ಧಿ ಹೇಳಲು ಬರಬೇಡ ಎಂದು ಗದರಿದರು. ಸಂಜೆ ಐದಕ್ಕೆ, ಕರೆದಾಗ ಬರಬೇಕೆಂದು ಬರೆಸಿಕೊಂಡು ಬಿಟ್ಟರು. ಲೋಹಿತನಿಗೆ ಫೋನು ಹೋಗಲಿಲ್ಲ. ಅಫ್ಜಲ ಮಾವನ ಕಡೆ ನೋಡದೆ ಗ್ಯಾರೇಜಿನ ದಾರಿ ಹಿಡಿದ.

ಮಸೀದಿಯ ಪಡಸಾಲೆಗೆ ಬೀಗ ಬಿದ್ದಿತ್ತು. ಉಸ್ಮಾನಸಾಬ ತನ್ನ ಗೂಡಂಗಡಿಯ ಮುಂದೆ, ತಾಲ್ಲೂಕು ಕಚೇರಿ ಮುಚ್ಚಿದ ಮೇಲೆ, ಅರ್ಜಿದಾರರ ಬೆಂಚು ಎಳೆದು ರಸ್ತೆಯ ಅಂಚಿಗೆ ಜಮಖಾನೆ ಹಾಸಿದ. ಮೊದಲ ದಿನ ಬಂದವರು ಮದಿಹಾ, ಅವಳು ಮನೆಮನೆಗೆ ಹೋಗಿ ಕರೆತಂದ ಆರು ಹುಡುಗಿಯರು, ಕಿವಿ ಕೇಳದ ಒಬ್ಬ ಮುದುಕ. ಓಣಿಯವರು ದೂರದಿಂದ, ತಲೆ ಕೆಟ್ಟೈತಿ ಎಂದು ಹೋದರು. ಲೋಹಿತನ ಹುಡುಗರು ಬೈಕು ನಿಲ್ಲಿಸಿ ವಿಡಿಯೊ ತೆಗೆದು, ಇದು ಟ್ರೇನಿಂಗ್ ಸೆಂಟರು ಎಂದು ಹಚ್ಚಿದರು. ಟ್ರೇನಿಂಗೇ ಹೌದು, ಮುಂದೆ ಬಂದು ಕೂತು ತೆಗೀರಿ, ದನಿ ಚಲೋ ಬರತೈತಿ ಎಂದಳು ಮದಿಹಾ. ಎರಡನೆಯ ದಿನ ಒಂದು ಕಲ್ಲು ಗೂಡಂಗಡಿಯ ತಗಡಿಗೆ ಬಂದು ಬಿತ್ತು. ಯಾವ ಕಡೆಯದೆಂದು ಗೊತ್ತಾಗಲಿಲ್ಲ. ಆ ದಿನಗಳಲ್ಲಿ ಎರಡೂ ಕಡೆ ಕಲ್ಲಿದ್ದವು. ಮೂರನೆಯ ದಿನ ಆರರಲ್ಲಿ ನಾಲ್ಕು ಹುಡುಗಿಯರನ್ನು ಅಪ್ಪಂದಿರು ಕಳಿಸಲಿಲ್ಲ. ಉಸ್ಮಾನಸಾಬ ಉಳಿದಿಬ್ಬರಿಗೆ ಓದಿದ. ಓದುವಾಗ ಕಣ್ಣು ಹೆದ್ದಾರಿಯ ಕಡೆಯಿಂದ ಬರುವ ರಸ್ತೆಯ ಮೇಲೇ ಇತ್ತು. ಬರಬೇಕಾದವನೊಬ್ಬ ಬಾರದಿದ್ದರೆ ಈ ಜಮಖಾನೆಯೂ ಇನ್ನೊಂದು ಫೋಟೊ ಅಷ್ಟೇ ಎಂದು ಅವನಿಗೆ ಗೊತ್ತಿತ್ತು.

ಐದನೆಯ ದಿನ ಅಫ್ಜಲ ಬಂದ. ಗ್ಯಾರೇಜಿನ ಇಬ್ಬರು ಜೊತೆಗಿದ್ದರು. ಕೂಡಲಿಲ್ಲ. ಗ್ರೀಸು ಹತ್ತಿದ ಕೈಯಲ್ಲಿ ಫೋನು ಹಿಡಿದು, ನನ್ನ ಜೋಡಿ ಠಾಣೆಯಲ್ಲಿ ಕೂತರೆ ನಾನು ಕರಗುತ್ತೇನೆಂದು ತಿಳಿದಿರೇನು ಎಂದ. ಇವತ್ತು ಇವನಿಗೆ ಉತ್ತರ ಕೊಡಿ. ಕೊಡಲಾಗದಿದ್ದರೆ ಈ ಅಂಗಡಿ ಎತ್ತಿ ಎಂದ. ದನಿ ಪೂರ್ತಿ ಏರಿಸಿ ಹಚ್ಚಿದ.

ಫೋನಿನವನ ಮಾತು ರಸ್ತೆಗೆಲ್ಲ ಕೇಳಿತು. ಚೆಂದದ ಗಂಟಲು. ಸೇಡು, ಮಾನ, ರಕ್ತ. ನಡುನಡುವೆ ಅರಬಿಯ ತುಣುಕು. ಉಸ್ಮಾನಸಾಬ ಪೂರ್ತಿ ಕೇಳಿದ. ಕೈ ಎತ್ತಬೇಕೆನಿಸಿತು, ಎತ್ತಲಿಲ್ಲ.

“ಮತ್ತೊಮ್ಮೆ ಹಚ್ಚು,” ಅಂದ. “ಒಂದೊಂದ ಮಾತಿಗೆ ನಿಲ್ಲಸು.”

ಮೊದಲ ಮಾತಿಗೆ ಮದಿಹಾ ತಾನೇ ಕೈಚಾಚಿ ನಿಲ್ಲಿಸಿದಳು. ಅವನು ಹೇಳಿದ ಅರಬಿ ತುಣುಕು ಕುರಾನಿನ ಯಾವ ಪಾರಾದಲ್ಲಿದೆ ಎಂದು ತೆಗೆದು, ಅದರ ಹಿಂದಿನ ಸಾಲು, ಮುಂದಿನ ಸಾಲು, ಎರಡರ ಅರ್ಥವನ್ನೂ ಕನ್ನಡದಲ್ಲಿ ಓದಿದಳು. ಅಫ್ಜಲ, ಅದು ನಿಮಗೆ ಬೇಕಾದ ಅರ್ಥ ಎಂದು ಜಗಳ ತೆಗೆದ. ಹಾಗಾದರೆ ನೀನೇ ಓದು ಎಂದು ಪುಸ್ತಕ ಕೊಟ್ಟಳು. ಓದಲು ಕೂಡಬೇಕಾಯಿತು. ಕೂತು, ಬೆರಳಿಟ್ಟು, ತಡವರಿಸುತ್ತ ಓದಿದ. ಹದ್ದು ಮೀರಬೇಡಿ ಎಂಬ ಹಿಂದಿನ ಸಾಲನ್ನು ಫೋನಿನವನು ಬಿಟ್ಟಿದ್ದ. ಆದರೂ ಅಫ್ಜಲ ಸೋತೆ ಎನ್ನಲಿಲ್ಲ. ಎರಡನೆಯ ಮಾತಿಗೆ ಉಸ್ಮಾನಸಾಬ ತಡೆದು, ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದ ನರ್ಸು ಯಾವ ದಂಡಿನವಳು, ಯಾರ ಮೇಲೆ ಕತ್ತಿ ಎತ್ತಿದ್ದಳು ಎಂದು ಕೇಳಿದ. ಗ್ಯಾರೇಜಿನ ಇಬ್ಬರಲ್ಲೊಬ್ಬ ನೆಲ ನೋಡಿದ. ಅಫ್ಜಲ, ಗುಂಪು ಬಡಿದು ಕೊಂದ ನಮ್ಮವರೂ ಬೆಂಚಿನ ಮೇಲೆ ಕೂತವರೇ ಇದ್ದರು ಎಂದ. ಹೌದು ಎಂದ ಉಸ್ಮಾನಸಾಬ. ಅದಕ್ಕೆ ಕೋರ್ಟಿನಲ್ಲಿ ಯಾವ ಕಲಮಿನ ಕೆಳಗೆ ನಿಲ್ಲಬಹುದು ಎಂಬುದನ್ನು ನಾಳೆ ಓದೋಣ ಎಂದ. ನಾಳೆ ಯಾಕೆ ಎಂದು ಅಫ್ಜಲ ಹರಿಹಾಯ್ದ. ನನಗೆ ಇವತ್ತು ಗೊತ್ತಿಲ್ಲ, ಅದಕ್ಕೆ ಎಂದ ಮಾವ.

ಗೊತ್ತಿಲ್ಲ ಎಂಬ ಮಾತನ್ನು ಆ ಮನೆಯಲ್ಲಿ ಅಫ್ಜಲ ಕೇಳಿದ್ದಿಲ್ಲ. ಅರೆಗಳಿಗೆ ಮಾವನ ಮುಖ ನೋಡಿದ. ಆಮೇಲೆ ಫೋನು ಮುಂದೆ ಓಡಿಸಿದ.

ಮೂರನೆಯ ಮಾತಿಗೆ ಯಾರೂ ತಡೆಯುವ ಮೊದಲೇ ಅವನ ಹೆಬ್ಬೆರಳು ಹೋಗಿ ನಿಲ್ಲಿಸಿತು. ಹುಬ್ಬು ಗಂಟಿಕ್ಕಿತ್ತು. ಸಾಯಿರಿ ಸಾಯಿರಿ ಅಂತಾನಲ್ಲ, ಇವನ ಮಕ್ಕಳು ಎಲ್ಲಿ ಓದಾಕತ್ತಾರ ಎಂದು ಕೇಳಿದ. ಮದಿಹಾ ಹಳೆಯ ಅರ್ಜಿಯ ಬೆನ್ನಿಗೆ ಅವನ ಪ್ರಶ್ನೆಯನ್ನು ಬರೆದುಕೊಳ್ಳತೊಡಗಿದಳು. ಆಚೆ ಬದಿಯಲ್ಲಿ ಲೋಹಿತನ ಹುಡುಗರು ಹಾರ್ನು ಒತ್ತುತ್ತಿದ್ದರು.

“ಬರಕೋ ಆಪಾ,” ಅಂದ ಅಫ್ಜಲ, ಸಿಟ್ಟು ಇಳಿಯದ ದನಿಯಲ್ಲೇ. “ಇನ್ನೂ ಭಾಳ ಅದಾವು.”